ಜೇಬಿನಲ್ಲಿ ಹಸಿಮೆಣಸಿನಕಾಯಿ

ಆಗ ನನಗೆ ಅರವತ್ತೆಂಟು. ಮೂರು ವರ್ಷದ ಹಿಂದಿನ ಮಾತು. ಖಾಲಾ ಅಂದರೆ ಈಗಲೂ ನನಗೆ ಮೊದಲು ನೆನಪಿಗೆ ಬರುವುದು ಅವಳ ಸ್ವೆಟರಿನ ಬಲಗಡೆ ಜೇಬು. ಗಿಳಿಹಸಿರು ಸ್ವೆಟರು, ಮೊಣಕೈ ಹತ್ತಿರ ನೂಲು ಎದ್ದಿತ್ತು. ಎಡಗಡೆ ಜೇಬು ಚಪ್ಪಟೆ. ಬಲಗಡೆಯದು ಒಳಗೆ ಇಲಿಮರಿ ಮಲಗಿದ ಹಾಗೆ ಉಬ್ಬಿತ್ತು. ಬಗ್ಗಿ ನೋಡಿದರೆ ಹಸಿಮೆಣಸಿನಕಾಯಿ ತೊಟ್ಟುಗಳು ಹೊರಗೆ ಇಣುಕುತ್ತಿದ್ದವು. ಸೊಂಟದ ಮೇಲೆ ಕೆಂಪು ಕೂದಲಿನ ಒಂದು ಹೆಣ್ಣುಮಗು ಕೂತು ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು.

“ಬರ್ರಿ ಅಮ್ಮಾರ, ಒಳಗ ಬರ್ರಿ. ಹೊರಗ ಭಾಳ ಥಂಡಿ ಐತಿ,” ಅಂದಳು.

ಐರ್ಲೆಂಡಿನ ಮಳೆಯಲ್ಲಿ ನೆಂದು ಯಾರದೋ ಬಾಗಿಲಲ್ಲಿ ನಿಂತವಳ ಕಿವಿಗೆ ಬಿಜಾಪುರದ ಕನ್ನಡ ಬಿತ್ತು. ಜಗಳ ಆಡಲು ಅಂತಲೇ ಹೋದವಳು ನಾನು. ಸುಮ್ಮನೆ ಚಪ್ಪಲಿ ಬಿಟ್ಟು ಒಳಗೆ ಹೋದೆ.

ಜಗಳ ಯಾಕೆ ಅಂದರೆ, ನಾನಿರುವಾಗ ನನ್ನ ಮೊಮ್ಮಗಳನ್ನು ಬೇರೆಯವರ ಮನೆಗೆ ಬಿಡುವುದು ನನಗೆ ಸರಿಬರಲಿಲ್ಲ. ನಾನು ಹೊರಟ ಮೇಲೆ ಮಗು ಅಲ್ಲೇ ಇರಬೇಕು, ಈಗಲೇ ರೂಢಿಯಾಗಲಿ ಅನ್ನುವುದು ಮಗಳ ಲೆಕ್ಕ. ಊರು ನೇಸ್. ಮಗಳು ಅಲ್ಲಿನ ಆಸ್ಪತ್ರೆಯಲ್ಲಿ ನರ್ಸು. ಅಳಿಯನದು ಕಂಪ್ಯೂಟರ್ ಕೆಲಸ, ಬೆಳಗ್ಗೆ ಡಬ್ಲಿನ್ ಬಸ್ಸು ಹತ್ತಿದರೆ ಮನೆಗೆ ಬರುವುದು ದೀಪ ಹಚ್ಚಿದ ಮೇಲೆ. ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ ಸಾಲು ಮನೆಗಳು, ಒಂದಕ್ಕೂ ಇನ್ನೊಂದಕ್ಕೂ ಗುರುತಿಲ್ಲ. ನಾನು ಕಸದ ಡಬ್ಬಿ ನೋಡಿಕೊಂಡು ಮನೆ ಹುಡುಕುತ್ತಿದ್ದೆ. ಖಾಲಾಳ ಮನೆ ಕಸದ ಡಬ್ಬಿಗೆ ಯಾವುದೋ ಮಗು ಹಳದಿ ಬಣ್ಣದಲ್ಲಿ ಕೈ ಅಚ್ಚು ಒತ್ತಿತ್ತು.

ಅವಳು ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದಳು. ಐವತ್ತು ದಾಟಿದ ಹೆಂಗಸು, ಅಗಲ ಮೈಕಟ್ಟು, ತಲೆ ಮೇಲೆ ದುಪಟ್ಟ. ಖಾಲಾ ಅಂದರೆ ಅವರಲ್ಲಿ ಚಿಕ್ಕಮ್ಮ. ಅವಳ ಮನೆಗೆ ಬರುವ ಐರಿಶ್ ಮಕ್ಕಳಿಗೂ ಅವಳು ಖಾಲಾ, ಆ ಮಕ್ಕಳ ಅಮ್ಮಂದಿರಿಗೂ ಖಾಲಾ, ಕಾಗದ ಹಾಕುವವನಿಗೂ ಖಾಲಾ. ನನಗಿಂತ ಎಷ್ಟೋ ಚಿಕ್ಕವಳು, ಆದರೂ ಮೊಮ್ಮಗಳ ಜೊತೆ ದಿನಾ ಹೋಗಿ ಕೂತು ಒಂದು ವಾರದಲ್ಲಿ ನಾನೂ ಖಾಲಾ ಅಂತಲೇ ಕೂಗಿದೆ. ಹೆಸರು ಹಿಡಿದು ಕರೆದದ್ದೇ ಇಲ್ಲ.

ಈಗ ಪುಟ್ಟಿಯ ವಿಷಯ ಹೇಳಬೇಕು. ನನ್ನ ಮೊಮ್ಮಗಳಿಗೆ ಆಗ ಎರಡು ವರ್ಷ ತುಂಬಿತ್ತು. ಬಾಯಿ ತುಂಬ ಹಲ್ಲು. ಆದರೂ ತಿನ್ನುತ್ತಿದ್ದದ್ದು ಮಿಕ್ಸಿಯಲ್ಲಿ ತಿರುವಿದ ಅನ್ನ, ಬೇಳೆ. ಅದೂ ಫೋನಿನಲ್ಲಿ ಬೊಂಬೆ ಕುಣಿಸಿ, ನಾನು ಬಟ್ಟಲು ಹಿಡಿದು ಸೋಫಾ ಸುತ್ತ ಓಡಿ, ಬಾಯಿ ತೆರೆದ ಗಳಿಗೆ ನೋಡಿ ಒಳಗೆ ಸುರಿಯಬೇಕು. ನಾಲಿಗೆಗೆ ಒಂದು ಅಗುಳು ಗಟ್ಟಿ ಸಿಕ್ಕರೆ ಎಲ್ಲ ಹೊರಗೆ. ಬೇರೆಯವರು ಕೊಟ್ಟರೆ ಬಾಯಿಗೆ ಬೀಗ. ತೂಕ ನೋಡುವ ನರ್ಸಮ್ಮ ಎರಡು ಸಲ ತಲೆ ಅಲ್ಲಾಡಿಸಿದ್ದಳು.

ನಾನು ಬಂದದ್ದು ಮೂರು ತಿಂಗಳಿಗೆ. ಏಪ್ರಿಲ್ ಮುಗಿಯುವಾಗ ಹೊರಡಬೇಕು. ಮಗಳು ಒಂದು ದಿನ ಪಾತ್ರೆ ಒರೆಸುತ್ತಾ ಬಾಯಿ ಬಿಟ್ಟಳು.

“ಅಮ್ಮ, ನೀನು ಹೋಗ್ತಾ ಪುಟ್ಟೀನ ಕರ್ಕೊಂಡು ಹೋಗು. ಒಂದು ವರ್ಷ. ಊಟ ಮಾಡೋದು ಕಲ್ತ ಮೇಲೆ ನಾನೇ ಬಂದು ಕರ್ಕೊಂಡು ಬರ್ತೀನಿ.”

“ನಿನ್ನ ಮಗು ನಿನ್ನ ಹತ್ರ ಇರ್ಬೇಕು ಕಣೇ.”

“ಇಲ್ಲಿಟ್ಕೊಂಡು ಏನ್ ಮಾಡ್ಲಿ ಹೇಳು? ನಾನು ಡ್ಯೂಟೀಲಿರ್ತೀನಿ. ನೀನು ರುಬ್ಬಿ ಕೊಟ್ರೆ ತಿಂತಾಳೆ, ಖಾಲಾ ಕೊಟ್ರೆ ತಿನ್ನಲ್ಲ ಅಂದ್ರೆ ದಿನವೆಲ್ಲ ಉಪವಾಸ ಇಡ್ಲಾ?”

ಅಳಿಯ ಆಗಲೇ ಫೋನಿನಲ್ಲಿ ಮಗುವಿನ ಟಿಕೆಟ್ ನೋಡಿಟ್ಟಿದ್ದ. ಮಗಳು ಬೆನ್ನು ತಿರುಗಿಸಿಕೊಂಡು ಒರೆಸಿದ ತಟ್ಟೆಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು. ನನಗೆ ಆ ಮಗುವನ್ನು ಕರೆದುಕೊಂಡು ಹೋಗುವುದು ಬೇಕಿರಲಿಲ್ಲ. ಮೊಣಕಾಲು ನೋವಿನ ಮಾತಲ್ಲ. ಎರಡು ವರ್ಷದ ಮಗು ತಾಯಿಯನ್ನು ಫೋನಿನಲ್ಲಿ ನೋಡಿಕೊಂಡು ಬೆಳೆಯಬಾರದು, ಅಷ್ಟೆ. ಹೇಗಾದರೂ ಮಾಡಿ ನಾನು ವಿಮಾನ ಹತ್ತುವ ಮೊದಲು ಇದಕ್ಕೆ ಮನೆಮಂದಿಯ ಊಟ ಕಲಿಸಬೇಕು ಅಂತ ತೀರ್ಮಾನ ಮಾಡಿದೆ. ಕಲಿಸುವುದು ಹೇಗೆ ಅಂತ ಗೊತ್ತಿರಲಿಲ್ಲ.

ಖಾಲಾಳಿಗೆ ಗೊತ್ತಿತ್ತು, ಅರ್ಧ.

ಅವಳದು ಒಂದೇ ಪಾತ್ರೆಯ ಅಡುಗೆ. ಸಂಜೆ ಗಂಡ, ದೊಡ್ಡ ಮಕ್ಕಳು ಬಂದು ಏನು ಉಣ್ಣುತ್ತಾರೋ ಅದನ್ನೇ ಬೆಳಗ್ಗೆ ಮಾಡಿ, ಮಧ್ಯಾಹ್ನ ಈ ಸಣ್ಣವರಿಗೆ ಇಡುತ್ತಿದ್ದಳು. ಮಕ್ಕಳ ಊಟ ಅಂತ ಬೇರೆ ಒಲೆ ಹಚ್ಚುತ್ತಿರಲಿಲ್ಲ. ಮೊದಲ ದಿನ ನಾನು ನೋಡಿದ್ದು ಖೀಮಾ, ಅಂದರೆ ಸಣ್ಣಗೆ ಕೊಚ್ಚಿದ ಮಾಂಸ. ಕೆಳಗೆ ಖೀಮಾ, ಮೇಲೆ ಬೇಯಿಸಿ ಹಿಸುಕಿದ ಆಲೂಗಡ್ಡೆ ಹೊದಿಸಿ ಓವನ್ನಿನಲ್ಲಿ ಇಡುವುದು. ಆ ದೇಶದ ದೊಡ್ಡವರಿಗೆ ಅದು ಅಂದರೆ ಪ್ರಾಣ. ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಖೀಮಾ, ಕ್ಯಾರೆಟ್, ಬಟಾಣಿ ಎಲ್ಲ ಒಟ್ಟಿಗೆ ಬೆಂದವು. ಅಲ್ಲಿ ನಿಲ್ಲಿಸಿದಳು. ದೊಡ್ಡ ಸೌಟಿನಲ್ಲಿ ಮಕ್ಕಳ ಪಾಲು ಬೇರೆ ಬಟ್ಟಲಿಗೆ ತೆಗೆದಳು. ಆಮೇಲೆ ಉಳಿದದ್ದಕ್ಕೆ ಉಪ್ಪು, ಖಾರದ ಪುಡಿ, ಗರಂ ಮಸಾಲೆ ಸುರಿದು ತಿರುವಿದಳು.

ನಾನು ಮಕ್ಕಳ ಪಾಲಿಗೆ ನಾಲಿಗೆ ಹಚ್ಚಿದೆ.

“ಏನಮ್ಮ ಇದು, ಉಪ್ಪೇ ಇಲ್ಲ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ದೇವರಿಲ್ಲ ಅಂತ ಕೇಳಿಲ್ವಾ ನೀನು?”

“ತಾಯಿದು ಖರೇ ಐತ್ರಿ. ಉಪ್ಪಿಂದು ಇವರಿಗೆ ಇನ್ನೊಂದೆರಡು ವರ್ಷ ಬಿಟ್ಟು ಹೇಳೂಣು,” ಅಂದಳು. ನಕ್ಕಳು. ನಗುವಾಗ ಅವಳ ಹೊಟ್ಟೆ ಮೊದಲು ಅಲುಗುತ್ತಿತ್ತು, ಸದ್ದು ಆಮೇಲೆ ಬರುತ್ತಿತ್ತು.

ಒಗ್ಗರಣೆ ಹಾಕುವುದು ಹಿತ್ತಲಿನ ಶೆಡ್ಡಿನಲ್ಲಿ. ಆ ದೇಶದ ಮನೆಗಳಲ್ಲಿ ಸೂರಿಗೆ ಹೊಗೆ ಮೂಸುವ ಒಂದು ಡಬ್ಬಿ ಅಂಟಿಸಿರುತ್ತಾರೆ, ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದರೆ ಸಾಕು, ಅದು ಬೀದಿಗೆಲ್ಲ ಕೇಳುವ ಹಾಗೆ ಕಿರುಚುತ್ತದೆ. ಖಾಲಾ ಶೆಡ್ಡಿನಲ್ಲಿ ಹುಲ್ಲು ಕತ್ತರಿಸುವ ಮೆಷಿನ್ನಿನ ಪಕ್ಕ ಒಂದು ಸಣ್ಣ ಗ್ಯಾಸ್ ಇಟ್ಟುಕೊಂಡಿದ್ದಳು. ದೊಡ್ಡವರ ಬೇಳೆಗೆ ಅಲ್ಲಿ ಒಗ್ಗರಣೆ ಆಗಿ ಬರುತ್ತಿತ್ತು. ಮಳೆ ಬಂದರೆ ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಬಾಣಲೆ. ಮಕ್ಕಳು ಕಿಟಕಿ ಗಾಜಿಗೆ ಮೂಗು ಒತ್ತಿಕೊಂಡು ಆ ಮೆರವಣಿಗೆ ನೋಡುತ್ತಿದ್ದವು.

ಊಟಕ್ಕೆ ಕೂತಾಗ ಜೇಬಿನ ಗುಟ್ಟು ಗೊತ್ತಾಯಿತು. ಖಾಲಾ ಮಕ್ಕಳ ಮೇಜಿನಲ್ಲೇ, ಮಕ್ಕಳ ಪಾಲಿನ ಆ ಸಪ್ಪೆ ಖೀಮಾವನ್ನೇ ತನ್ನ ತಟ್ಟೆಗೂ ಹಾಕಿಕೊಂಡು ಉಣ್ಣುತ್ತಿದ್ದಳು. ಎಡಗೈ ಮೆಲ್ಲಗೆ ಜೇಬಿಗೆ ಹೋಗುತ್ತಿತ್ತು. ಒಂದು ಮೆಣಸಿನಕಾಯಿ ಮುಷ್ಟಿಯಲ್ಲಿ ಬರುತ್ತಿತ್ತು. ಕೆಮ್ಮು ಬಂದವಳ ಹಾಗೆ ಮುಖ ತಿರುಗಿಸಿ ಕರಕ್ ಅಂತ ಕಡಿದು ಮತ್ತೆ ಜೇಬಿಗೆ. ಮಕ್ಕಳಿಗೆ ಕಂಡದ್ದು ಖಾಲಾ ತಮ್ಮ ಊಟವನ್ನೇ ಚಪ್ಪರಿಸುತ್ತಿರುವುದು.

“ಆ ಕಡೆ ಪಾತ್ರೇಲಿ ನಿಮ್ಮ ಖಾರದ್ದು ಐತಲ್ಲ, ಅದನ್ನೇ ಹಾಕ್ಕೊಂಡು ತಿನ್ನಬಾರದಾ? ಇದ್ಯಾಕೆ ಕಳ್ಳಾಟ?” ಅಂದೆ.

“ಇವು ನನ್ನ ತಾಟು ನೋಡ್ತಾವ್ರಿ. ಕೈ ಹಾಕ್ತಾವ. ನನ್ನ ತಾಟಿನಾಗ ಬ್ಯಾರೆ ಇದ್ರ, ತಮ್ಮದು ಬ್ಯಾಡ ಅಂತಾವ, ನಂದು ತಿಂದು ಅಳ್ತಾವ. ಒಂದ ಊಟ ಇರಬೇಕು.”

ಕೆಂಪು ಕೂದಲಿನ ಹುಡುಗಿಯ ಹೆಸರು ಈಫಾ. ಮೂರು ವರ್ಷ. ಅದು ಖೀಮಾವನ್ನು ಮಣ್ಣೆತ್ತುವ ಮೆಷಿನ್ನಿನ ಹಾಗೆ ಎತ್ತಿ ಎತ್ತಿ ಬಾಯಿಗೆ ಹಾಕುತ್ತಿತ್ತು. ಪುಟ್ಟಿ ಮುಟ್ಟಲಿಲ್ಲ. ಒಂದು ಬಟಾಣಿ ಉರುಳಿಸಿದಳು, ನನ್ನ ಮುಖ ನೋಡಿದಳು, ಕೈ ಹಿಂದಕ್ಕೆ ತೆಗೆದಳು. ನಾನು ಅವಳ ಕುರ್ಚಿ ಹಿಂದೆ ರುಬ್ಬಿದ ಅನ್ನದ ಡಬ್ಬಿ ಹಿಡಿದು ನಿಂತಿದ್ದೆ. ಮೇಜು ಖಾಲಿ ಆದ ಮೇಲೆ ಮೂಲೆಗೆ ಕರೆದುಕೊಂಡು ಹೋಗಿ ಅದನ್ನೇ ಸುರಿದೆ.

“ಇಡೋದು ನನ್ನ ಕೆಲಸ, ತಿನ್ನೋದು ಅವರ ಕೆಲಸ. ಬಾಯಿ ಅವರದು ಐತಿ,” ಅಂದಳು ಖಾಲಾ. ದಿನಕ್ಕೆ ಒಂದು ಸಲವಾದರೂ ಹೇಳುತ್ತಿದ್ದ ಮಾತು ಅದು. ಒಂದು ಮಗುವಿಗೂ ಇನ್ನೊಂದು ತುತ್ತು ತಿನ್ನು ಅಂತ ಹೇಳಿದ್ದು ನಾನು ಕೇಳಿಲ್ಲ. ಉಣ್ಣುವಾಗ ಮೂತಿ ಒರೆಸುತ್ತಲೂ ಇರಲಿಲ್ಲ. ಊಟ ಮುಗಿದ ಮೇಲೆ ಎಲ್ಲವನ್ನೂ ಸಾಲಾಗಿ ನಿಲ್ಲಿಸಿ ಒಂದೇ ಸಲ ಒರೆಸುವಳು, ಕಿಟಕಿ ಒರೆಸಿದ ಹಾಗೆ.

ನನಗೆ ಅವಳ ಅಡುಗೆಮನೆಯ ಹುಚ್ಚು ಹಿಡಿಯಿತು. ಬೆಳಗ್ಗೆ ಎದ್ದರೆ ಇವತ್ತು ಏನು ಮಾಡುತ್ತಾಳೋ ಅಂತ ಕಾಲು ನಿಲ್ಲುತ್ತಿರಲಿಲ್ಲ. ಬಿರಿಯಾನಿ ದಿನ ಲವಂಗ, ಏಲಕ್ಕಿ, ಚಕ್ಕೆ ಎಲ್ಲ ಒಂದು ಬಟ್ಟೆಯಲ್ಲಿ ಗಂಟು ಕಟ್ಟಿ ಬಿಡುವಳು. ಪರಿಮಳ ಇಳಿಯುತ್ತದೆ, ಮಕ್ಕಳ ಹಲ್ಲಿಗೆ ಲವಂಗ ಸಿಕ್ಕುವುದಿಲ್ಲ. ಕೋಳಿಯನ್ನು ಬೆರಳಲ್ಲಿ ಎಳೆ ಎಳೆ ಬಿಡಿಸಿ ಮೂಳೆ ತೆಗೆದು, ಅನ್ನಕ್ಕೆ ಇನ್ನೊಂದು ಲೋಟ ನೀರು ಬಿಟ್ಟು ಮೆತ್ತಗೆ ಮಾಡುವಳು. ಪಾಸ್ಟಾ ಅಂದರೆ ನಮ್ಮ ಶಾವಿಗೆಯ ಅಣ್ಣ, ಅದನ್ನು ಕತ್ತರಿಯಲ್ಲಿ ಕತ್ತರಿಸುವಳು. ಟೊಮೆಟೊ ಹುಳಿ ಅಂತ ಅದಕ್ಕೆ ಕ್ಯಾರೆಟ್ ಬೇಯಿಸಿ ಸೇರಿಸುವಳು. ದ್ರಾಕ್ಷಿಯನ್ನು ಉದ್ದಕ್ಕೆ ಸೀಳುವಳು. ಬೆಂದ ಬಟಾಣಿ ಬಿಟ್ಟರೆ ದುಂಡಗಿದ್ದದ್ದು ಯಾವುದೂ ಆ ಮೇಜಿಗೆ ದುಂಡಗೆ ಬರುತ್ತಿರಲಿಲ್ಲ.

ಎಲ್ಲ ಸರಿ ಮಾಡುತ್ತಿದ್ದಳು ಅಂತಲೂ ಅಲ್ಲ. ಒಂದು ದಿನ ನನ್ನ ರಾಗಿಹಿಟ್ಟು ಕೇಳಿ ತೆಗೆದುಕೊಂಡು, ಮಕ್ಕಳು ಕೈಯಲ್ಲಿ ಹಿಡಿದು ತಿನ್ನಲಿ ಅಂತ ಬೆರಳಿನ ಹಾಗೆ ಮಾಡಿ ಓವನ್ನಿನಲ್ಲಿ ಸುಟ್ಟಳು. ಕಲ್ಲು. ಈಫಾ ಅದನ್ನು ಹಿಡಿದು ಮೇಜಿಗೆ ಮೊಳೆ ಹೊಡೆಯುವ ಹಾಗೆ ಬಡಿಯಿತು. ತುಂಡೂ ಆಗಲಿಲ್ಲ.

“ನಿಮ್ಮ ರಾಗಿ ಹಿಂಗ ಐತಿ ನೋಡ್ರಿ. ನಮ್ಮ ಜ್ವಾಳ ಆಗಿದ್ರ ಹೂವಿನಂಗ ಇರ್ತಿತ್ತು.”

“ರಾಗೀನ ಓವನ್ನಲ್ಲಿಟ್ಟೋಳು ನೀನು, ಬೈಸ್ಕೊಳ್ಳೋದು ರಾಗಿನಾ? ನಿಮ್ಮ ಜೋಳದ ರೊಟ್ಟಿ ತಿನ್ನಕ್ಕೆ ದವಡೇಲಿ ಎತ್ತಿನ ಹಲ್ಲಿರಬೇಕು.”

“ನಿಮಗ ಹಲ್ಲ ಎಲ್ಲಿ ಅದಾವ್ರಿ ಅಮ್ಮಾರ,” ಅಂತ ಅವಳು ಅಂದುಬಿಟ್ಟಳು. ಅಂದವಳೇ ದುಪಟ್ಟದ ತುದಿ ಬಾಯಿಗೆ ಒತ್ತಿಕೊಂಡಳು. ನನಗೆ ಇರುವುದು ಕಟ್ಟಿಸಿದ ಹಲ್ಲು, ಅದು ಅವಳಿಗೆ ಯಾವಾಗ ಗೊತ್ತಾಯಿತೋ. ನಾನು ಬೈಯುವ ಅಂತ ಬಾಯಿ ತೆರೆದೆ, ನಗು ಬಂದು ಹಲ್ಲು ಜಾರಿತು. ಇಬ್ಬರೂ ಹೊಟ್ಟೆ ಹಿಡಿದುಕೊಂಡೆವು.

ಖಾಲಾ ಈಗಿಲ್ಲ. ಹೋದ ಚಳಿಗಾಲದಲ್ಲಿ ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕೂತವಳು ಏಳಲಿಲ್ಲವಂತೆ. ಮಗಳು ಫೋನಿನಲ್ಲಿ ಹೇಳಿದಳು. ನಾನು ಇಲ್ಲಿ ದೊಡ್ಡಬಳ್ಳಾಪುರದಲ್ಲಿ ಮುದ್ದೆಗೆ ಎಸರಿಟ್ಟಿದ್ದೆ. ಸ್ವೆಟರು ಒಗೆಯಲು ಹಾಕುವಾಗ ಜೇಬಿನಲ್ಲಿ ಮೆಣಸಿನಕಾಯಿ ಒಣಗಿ ಕೆಂಪಾಗಿದ್ದವಂತೆ, ಖಾಲಾಳ ಮಗಳು ಅವನ್ನು ಕೈಯಲ್ಲಿ ಹಿಡಿದು ಅತ್ತಳಂತೆ. ಎಸೆಯಬೇಡಿ, ಬೀಜ ಇರುತ್ತದೆ, ಕುಂಡದಲ್ಲಿ ಹಾಕಲಿ ಅಂತ ಹೇಳಿ ಕಳಿಸಿದೆ.

ನಾನು ಬರೆಯಬೇಕು ಅಂತ ಕೂತದ್ದು ಒಂದು ದಿನದ ಸಂಗತಿ. ಅಲ್ಲಿಗೆ ಬರುತ್ತೇನೆ.

ಮಾರ್ಚ್ ತಿಂಗಳು ಬಂದಿತ್ತು, ಪುಟ್ಟಿ ಇನ್ನೂ ಡಬ್ಬಿಯ ಅನ್ನದಲ್ಲೇ ಇದ್ದಳು. ಮೇಜಿನಲ್ಲಿ ಕೂರುವಳು, ಮುಟ್ಟುವಳು, ಮೂಸುವಳು. ಬಾಯಿಗೆ ಮಾತ್ರ ಇಲ್ಲ. ಮನೆಯಲ್ಲಿ ಅಳಿಯ ದಿನಾ ಟಿಕೆಟ್ ಮಾತು ತೆಗೆಯುತ್ತಿದ್ದ. ದಿನ ಕಳೆದಷ್ಟೂ ಬೆಲೆ ಏರುತ್ತದೆ, ವಾರದ ಕೊನೆಗೆ ತೆಗೆದುಬಿಡುತ್ತೇನೆ ಅಂದ. ಆ ವಾರ ಯುಗಾದಿ. ಯುಗಾದಿಯ ಮಾರನೇ ದಿನದಿಂದ ಖಾಲಾಳಿಗೆ ರೋಜಾ, ರಂಜಾನಿನ ಉಪವಾಸ.

ಯುಗಾದಿ ದಿನ ಒಬ್ಬಟ್ಟು ಕೊಡಲು ಹೋದಾಗ ಅವಳು ನನ್ನನ್ನು ಕೂರಿಸಿ ಹೇಳಿದಳು.

“ಅಮ್ಮಾರ, ನಾಳಿಂದ ನಾ ಮಕ್ಕಳ ಜೋಡಿ ಉಣ್ಣಂಗಿಲ್ಲ. ಹ್ವಾದ ವರ್ಷ ನಮ್ಮ ಅತ್ತಿ ಇದ್ರು, ವಯಸ್ಸಾದವರು, ರೋಜಾ ಹಿಡೀತಿದ್ದಿಲ್ಲ. ಅವರು ಕುಂಡರ್ತಿದ್ರು. ಈಗ ಅವರು ಊರಿಗೆ ಹೋಗ್ಯಾರ. ಈ ತಿಂಗಳು ನೀವು ಕುಂಡರ್ರಿ.”

“ಕೂತು ಏನ್ ಮಾಡ್ಲಿ?”

“ಉಣ್ರಿ.”

“ಮಕ್ಕಳ ಊಟ ಆಗಕ್ಕೆ ಮುಂಚೇನಾ?”

“ಮಕ್ಕಳ ಜೋಡೀನ.”

“ಅದಾಗಲ್ಲ ಕಣಮ್ಮ. ನಾನು ಎಲ್ಲಾರದೂ ಆದ್ಮೇಲೆ ಉಣ್ಣೋಳು. ಮದುವೆಯಾಗಿ ಬಂದಾಗಿಂದ ಹಂಗೇ.”

ಇದು ನಾಟಕದ ಮಾತಲ್ಲ. ನಮ್ಮದು ಮಗ್ಗದ ಮನೆ. ಮೊದಲು ಮಕ್ಕಳು, ಆಮೇಲೆ ಮಗ್ಗದ ಕೆಲಸದವರು, ಆಮೇಲೆ ಮಾವ, ಗಂಡ, ಅತ್ತೆ. ಎಲ್ಲರೂ ಕೈ ತೊಳೆದ ಮೇಲೆ ತಪ್ಪಲೆಯ ತಳ ಕೆರೆದು ನಾನು. ಅಡುಗೆಮನೆಯ ಮೂಲೆ, ಗೋಡೆ ಕಡೆ ಮುಖ. ಹಲ್ಲು ಹೋದ ಮೇಲೆ ಅದೇ ಅನುಕೂಲ ಆಯಿತು. ಕಟ್ಟಿಸಿದ ಹಲ್ಲು ಮಾತಿಗೆ ಚೆನ್ನ, ಊಟಕ್ಕೆ ಆಗದು. ತೆಗೆದಿಟ್ಟು ಉಣ್ಣಬೇಕು. ಆ ಬೊಚ್ಚು ಬಾಯಿ ಯಾರಿಗೆ ತೋರಿಸುವುದು? ನೇಸಿಗೆ ಬಂದ ಮೇಲೂ ಅಷ್ಟೆ. ಮಗು ಮಲಗಿದ ಮೇಲೆ ಸಿಂಕಿನ ಹತ್ತಿರ ನಿಂತು ಉಂಡು ತಟ್ಟೆ ತೊಳೆದಿಡುತ್ತಿದ್ದೆ.

ಖಾಲಾ ಒಬ್ಬಟ್ಟಿನ ತುಂಡು ಕೈಯಲ್ಲಿ ಹಿಡಿದುಕೊಂಡೇ ಇದ್ದಳು.

“ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಈ ಕೂಸು ನೀವು ಉಣ್ಣೋದನ್ನ ಯಾವಾಗರ ನೋಡೈತೇನು?”

ನಾನು ಯೋಚನೆ ಮಾಡಿದೆ. ಅವಳಮ್ಮ ಆಸ್ಪತ್ರೆಯಲ್ಲಿ ಉಣ್ಣುವಳು. ಅವಳಪ್ಪ ಡಬ್ಲಿನ್ನಿನಲ್ಲಿ. ನಾನು ಸಿಂಕಿನ ಮುಂದೆ. ಆ ಮನೆಯಲ್ಲಿ ಒಂದು ಬಾಯಿ ಅಗಿಯುವುದನ್ನು ಮಗು ಕಂಡಿರಲಿಲ್ಲ. ಅದರ ಪಾಲಿಗೆ ಊಟ ಅಂದರೆ ತನ್ನೊಬ್ಬಳಿಗೇ ಕೊಡುವ ಶಿಕ್ಷೆ.

“ನಾ ಉಣ್ಣೋವಾಗ ನನ್ನ ನೋಡತೈತ್ರಿ,” ಅಂದಳು ಖಾಲಾ. “ಆಮ್ಯಾಲ ಹೊಳ್ಳಿ ನಿಮ್ಮ ಮಾರಿ ನೋಡತೈತಿ. ನೀವು ಸುಮ್ನ ನಿಂತಿರ್ತೀರಿ. ಅಜ್ಜಿ ತಿನ್ನಂಗಿಲ್ಲ, ನಾ ಯಾಕ ತಿನ್ಲಿ ಅಂತೈತಿ.”

ನನಗೆ ಸಿಟ್ಟು ಬರಲಿಲ್ಲ. ಮೈ ಬಿಸಿಯಾಯಿತು. ಇಷ್ಟು ದಿನ ಬೀಗಕ್ಕೆ ಎಣ್ಣೆ ಬಿಡುತ್ತಾ ಕೂತಿದ್ದೆ, ಕೀಲಿ ನನ್ನ ಬಾಯಲ್ಲೇ ಇತ್ತು.

“ನಾಳೆ ನಾನು ಅಡುಗೆ ಮಾಡ್ತೀನಿ. ಮುದ್ದೆ, ಬಸ್ಸಾರು,” ಅಂದೆ.

“ಮುದ್ದಿ?” ಅಂತ ಅವಳು ಹುಬ್ಬು ಹಾರಿಸಿದಳು.

“ಓವನ್ನಿಗೆ ಹಾಕಲ್ಲ, ಹೆದರಬ್ಯಾಡ.”

ಮಾರನೇ ದಿನ ಖಾಲಾ ಬೆಳಗಿನ ಜಾವದಿಂದ ಹಸಿದಿದ್ದಳು, ನೀರೂ ಇಲ್ಲ. ಆದರೂ ನನ್ನ ಪಕ್ಕ ನಿಂತು ಸೊಪ್ಪು ಬಿಡಿಸಿದಳು. ಅಲ್ಲಿ ಸಿಕ್ಕುವುದು ಪಾಲಕ್, ಇನ್ನೊಂದು ಕೇಲ್ ಅಂತ ಒರಟು ಸೊಪ್ಪು. ತೊಗರಿಬೇಳೆ ಜೊತೆ ಎರಡನ್ನೂ ಬೇಯಿಸಿ ನೀರು ಬಸಿದೆ. ಕಾಯಿ, ಜೀರಿಗೆ, ಬೇಯಿಸಿದ ಈರುಳ್ಳಿ, ಬೆಳ್ಳುಳ್ಳಿ, ಒಂದು ಹಿಡಿ ಬೆಂದ ಸೊಪ್ಪು ಹಾಕಿ ರುಬ್ಬಿದೆ. ಕೈ ತಾನಾಗಿ ಮೆಣಸಿನಕಾಯಿ ಡಬ್ಬಿಗೆ ಹೋಯಿತು. ಖಾಲಾ ಡಬ್ಬಿಯ ಮೇಲೆ ಅಂಗೈ ಇಟ್ಟಳು.

“ಮೊದಲ ತಗೀರಿ, ಆಮ್ಯಾಲ ಹಾಕ್ರಿ.”

ಬಸಿದ ನೀರಿಗೆ ಆ ಖಾರವಿಲ್ಲದ ರುಬ್ಬು ಬೆರೆಸಿ ಕುದಿಸಿ ಮಕ್ಕಳ ಪಾಲು ತೆಗೆದೆ. ಹುಣಸೆಹುಳಿ ಹೆಸರಿಗೆ ಒಂದು ಹನಿ. ಉಳಿದದ್ದಕ್ಕೆ ಖಾರ ರುಬ್ಬಿ ಹಾಕಿದೆ, ಅವಳ ಸಂಜೆಯ ಊಟಕ್ಕೂ ನನ್ನ ಅಳಿಯನಿಗೂ.

“ನಂದನ್ನ ಖಾರದ ಪಾತ್ರೆಯಿಂದ ಹಾಕ್ಕೋತೀನಿ,” ಅಂದೆ.

“ಕೂಸು ನಿಮ್ಮ ತಾಟಿಗೆ ಕೈ ಹಾಕಿದ್ರ?”

ಸರಿ ಅಂತ ನನಗೂ ಸಪ್ಪೆಯದನ್ನೇ ತೆಗೆದೆ. ಆ ಅಡುಗೆಯನ್ನು ಇಬ್ಬರೂ ರುಚಿ ನೋಡಲಿಲ್ಲ. ಅವಳಿಗೆ ರೋಜಾ. ನನಗೆ ಬಡಿಸುವ ಮುಂಚೆ ನಾಲಿಗೆಗೆ ಹಚ್ಚುವ ಅಭ್ಯಾಸವೇ ಇಲ್ಲ, ನನ್ನ ಅತ್ತೆ ಸೌಟಿನಲ್ಲಿ ಬಾರಿಸಿ ಬಿಡಿಸಿದ್ದಳು. ಇನ್ನೊಬ್ಬರ ಮನೆಯ ಖೀಮಾ ನೆಕ್ಕಿದ್ದು ಬೇರೆ ಮಾತು. ಖಾಲಾ ಪಾತ್ರೆಯ ಮೇಲೆ ಬಗ್ಗಿ ಕಣ್ಣು ಮುಚ್ಚಿ ಉಸಿರೆಳೆದುಕೊಂಡು, “ಗ್ರ್ಯಾಂಡ್ ಐತ್ರಿ,” ಅಂದಳು. ಅವಳು ಕಲಿತ ಐರಿಶ್ ಮಾತು ಅದು, ಎಲ್ಲದಕ್ಕೂ ಅದೇ.

ಮುದ್ದೆಯನ್ನು ಕೋಲಿನಲ್ಲಿ ತೊಳಸಿ ಇಳಿಸಿದೆ. ತುಪ್ಪ ಹಚ್ಚಿದ ಕೈಯಲ್ಲಿ ದುಂಡಗೆ ಕಟ್ಟಲು ಹೋದೆ.

“ದುಂಡಗ ಬ್ಯಾಡ್ರಿ. ದುಂಡಗಿದ್ದದ್ದು ಗಂಟಲಾಗ ಕುಂಡರತೈತಿ. ಬೆರಳಿನಂಗ ಮಾಡ್ರಿ, ಚಪ್ಪಟಿ, ಮೆತ್ತಗ.”

“ಮುದ್ದೆನ ಉದ್ದ ಮಾಡಿದ್ದು ನೋಡಿದ್ರೆ ನಮ್ಮತ್ತೆ ಎದ್ದು ಬರ್ತಾಳೆ.”

“ಬರಲಿ. ಅವರಿಗೂ ಒಂದು ತಾಟು ಇಡೂಣು.”

ಆಮೇಲೆ ಅವಳು ಇನ್ನೊಂದು ಮಾತು ಅಂದಳು, ಅದು ಕೇಳಿ ನಾನು ಸೌಟು ಕೆಳಗಿಟ್ಟೆ. “ನುಂಗಬ್ಯಾಡ್ರಿ, ಅಗೀರಿ.”

ಮುದ್ದೆ ನುಂಗುವ ಊಟ. ಸಾರಲ್ಲಿ ಅದ್ದಿ ಗುಳುಂ ಅನ್ನಿಸಬೇಕು. ಅಗಿದವರನ್ನು ಕಂಡರೆ ನಮ್ಮ ಕಡೆ ನಗುತ್ತಾರೆ, ಪಟ್ಟಣದವನು ಅಂತ. ಹಲ್ಲಿಲ್ಲದವಳಿಗೆ ನನಗೆ ಅದಕ್ಕೇ ಮುದ್ದೆ ಅಂದರೆ ಇಷ್ಟ.

“ಹಲ್ಲಿಲ್ದೆ ಏನ್ ಅಗೀಲೇ?”

“ವಸಡೀಲೆ ಅಗೀರಿ. ಕೂಸು ನಿಮ್ಮ ಬಾಯಿ ನೋಡತೈತಿ. ನೀವು ನುಂಗಿದ್ರ ಅದೂ ನುಂಗತೈತಿ, ಆಮ್ಯಾಲ ಇಬ್ಬರೂ ನಿಮ್ಮ ಮಗಳ ಆಸ್ಪತ್ರಿಗೆ ಹೋಗೂಣು.” ಇಷ್ಟು ಹೇಳಿ ಅವಳು ಸ್ವೆಟರ್ ಜೇಬಿಗೆ ಕೈ ಹಾಕಿ ಇದ್ದಬದ್ದ ಮೆಣಸಿನಕಾಯಿಯನ್ನೆಲ್ಲ ನನ್ನ ಸ್ವೆಟರ್ ಜೇಬಿಗೆ ತುರುಕಿದಳು. “ಈ ತಿಂಗಳು ಇವು ನಿಮ್ಮವು.”

ಕೂತೆವು. ಈಫಾ ಆ ಕಡೆ, ಪುಟ್ಟಿ ನನ್ನ ಪಕ್ಕ. ಎಲ್ಲರ ತಟ್ಟೆಯಲ್ಲೂ ಅದೇ ಉದ್ದ ಮುದ್ದೆ, ಅದೇ ಸಾರು, ಪಕ್ಕದಲ್ಲಿ ಹಿಸುಕಿದ ಸೊಪ್ಪು. ಡಬ್ಬಿ ತಂದಿರಲಿಲ್ಲ. ತಿನ್ನದಿದ್ದರೆ ಮಗು ಉಪವಾಸ. ನನ್ನ ಎದೆ ಮಗ್ಗದ ಲಾಳಿಯ ಹಾಗೆ ಆ ಕಡೆಯಿಂದ ಈ ಕಡೆ ಹೊಡೆಯುತ್ತಿತ್ತು. ಕರವಸ್ತ್ರ ಹಾಸಿ, ಮೇಲಿನ ಸೆಟ್ಟು, ಕೆಳಗಿನ ಸೆಟ್ಟು ತೆಗೆದು ಅದರ ಮೇಲಿಟ್ಟೆ.

ಈಫಾಳ ಚಮಚ ನಿಂತಿತು. “ಖಾಲಾ,” ಅಂದಿತು, “ಹರ್ ಟೀತ್ ಕೇಮ್ ಔಟ್.”

“ದೆ ಆರ್ ಗ್ರ್ಯಾಂಡ್, ಲವ್. ಈಟ್ ಯುವರ್ ಡಿನ್ನರ್,” ಅಂದಳು ಖಾಲಾ ಸಿಂಕಿನ ಹತ್ತಿರದಿಂದ. ಅವಳ ಬೆನ್ನು ಅಲುಗುತ್ತಿತ್ತು.

ನಾನು ಒಂದು ಮುದ್ದೆ ಸಾರಲ್ಲಿ ಅದ್ದಿ ಬಾಯಿಗಿಟ್ಟು ವಸಡಿನಲ್ಲಿ ಅಗಿದೆ. ಮೂಗು ಗಲ್ಲಕ್ಕೆ ತಾಗುತ್ತಿತ್ತು, ಎರಡು ಕೆನ್ನೆ ಒಳಗೆ ಹೋಗಿ ಹೊರಗೆ ಬರುತ್ತಿದ್ದವು. ಪುಟ್ಟಿ ನೋಡಿದಳು. ಕುರ್ಚಿಯಲ್ಲಿ ಮೊಣಕಾಲೂರಿ ಎದ್ದು ನನ್ನ ಗಲ್ಲ ಹಿಡಿದಳು. ಬಾಯಿಗೆ ಬೆರಳು ಹಾಕಿ ವಸಡು ತಡವಿದಳು. ಆಮೇಲೆ ತನ್ನ ಬಾಯಿಗೆ ಅದೇ ಬೆರಳು ಹಾಕಿ ತನ್ನ ಹಲ್ಲು ಮುಟ್ಟಿ ನೋಡಿದಳು, ಇದ್ದಾವೋ ಇಲ್ಲವೋ ಅಂತ.

ನಾನು ತಿರುಗಲು ಹೋದೆ.

“ನೋಡಬ್ಯಾಡ್ರಿ. ಉಣ್ರಿ,” ಅಂದಳು ಖಾಲಾ, ಸಣ್ಣ ದನಿಯಲ್ಲಿ.

ನಾನು ಎದುರಿನ ಗೋಡೆ ನೋಡುತ್ತಾ ಅಗಿದೆ. ಓರೆಗಣ್ಣಿಗೆ ಒಂದು ಪುಟ್ಟ ಕೈ ಬಂದದ್ದು ಕಂಡಿತು. ತನ್ನ ತಟ್ಟೆ ಬಿಟ್ಟು ನನ್ನ ತಟ್ಟೆಗೆ ಬಂತು. ಒಂದು ಮುದ್ದೆ ಎತ್ತಿತು, ಸಾರಲ್ಲಿ ಮುಳುಗಿಸಿತು, ಮಣಿಕಟ್ಟಿನವರೆಗೆ ಇಳಿಯಿತು. ಬಾಯಿಗೆ ಹೋಯಿತು. ಉಗಿಯುತ್ತಾಳೆ ಅಂದುಕೊಂಡೆ. ಅವಳು ಉಗಿಯಲಿಲ್ಲ. ನನ್ನ ಹಾಗೇ ಕೆನ್ನೆ ಒಳಗೆ ಎಳೆದು, ತುಟಿ ಸೊಟ್ಟ ಮಾಡಿ, ಮುದುಕಿಯ ಹಾಗೆ ಅಗಿದಳು. ಬಾಯಿ ತುಂಬ ಹಲ್ಲಿಟ್ಟುಕೊಂಡು ಹಲ್ಲಿಲ್ಲದವಳ ಹಾಗೆ ಅಗಿದಳು. ಆಮೇಲೆ ಇನ್ನೊಂದು. ಈಫಾ ತಾನೂ ಕೆನ್ನೆ ಎಳೆದುಕೊಂಡು ಶುರು ಮಾಡಿತು. ಮೇಜಿನಲ್ಲಿ ಮೂರು ಮುದುಕಿಯರು.

ನನ್ನ ತಟ್ಟೆ ಖಾಲಿಯಾಯಿತು. ನಾನು ತಿಂದದ್ದು ಅದರಲ್ಲಿ ಎರಡೇ ಮುದ್ದೆ ಇರಬೇಕು. ಜೇಬಿಂದ ಒಂದು ಮೆಣಸಿನಕಾಯಿ ತೆಗೆದು, ಖಾಲಾಳ ಹಾಗೆ ಕೆಮ್ಮಿ, ಪಕ್ಕಕ್ಕೆ ತಿರುಗಿ ವಸಡಿನಲ್ಲಿ ಜಜ್ಜಿದೆ. ಕಣ್ಣಲ್ಲಿ ನೀರು ಬಂತು. ಖಾರ ಇತ್ತು.

ಖಾಲಾ ಬಂದು ಮೂವರ ಮೂತಿಯನ್ನೂ ಒಂದೇ ಬಟ್ಟೆಯಲ್ಲಿ ಒರೆಸಿದಳು, ನನ್ನದೂ ಸೇರಿಸಿ.

“ಉಪ್ಪು ಸರಿ ಇತ್ತೇನ್ರಿ?” ಅಂದಳು.

“ನೋಡಲಿಲ್ಲ ಕಣೇ,” ಅಂದೆ. ನಿಜವಾಗಿಯೂ ನೋಡಿರಲಿಲ್ಲ.

ಸಂಜೆ ಮಗಳು ಡ್ಯೂಟಿ ಮುಗಿಸಿ ಬಂದಾಗ ಹೇಳಿದೆ. ಅವಳು ಕೋಟು ಬಿಚ್ಚದೆ ನಿಂತಳು.

“ಗಟ್ಟೀದು? ಪುಟ್ಟಿ? ವೀಡಿಯೊ ಮಾಡಿದ್ಯಾ?”

“ನಾನು ಉಣ್ತಿದ್ದೆ. ಉಣ್ಣೋವಾಗ ಯಾರು ವೀಡಿಯೊ ಮಾಡ್ತಾರೆ?”

“ನೀನಾ? ನೀನು ಮಧ್ಯಾಹ್ನ ಕೂತ್ಕೊಂಡು ಉಂಡ್ಯಾ?” ಮಗುವಿಗಿಂತ ಅದೇ ಅವಳಿಗೆ ದೊಡ್ಡ ಸುದ್ದಿಯಾಯಿತು.

ಅಳಿಯ ಫೋನು ಹಿಡಿದುಕೊಂಡು ಕೇಳಿದ. “ಹಾಗಾದ್ರೆ ಟಿಕೆಟ್ ಏನ್ ಮಾಡ್ಲಿ ಅತ್ತೆ? ಒಂದು ದಿನ ತಿಂದ್ಲು ಅಂತ...”

“ನಂದೊಂದೇ ಸಾಕಪ್ಪ. ಇವಳದ್ದು ಬ್ಯಾಡ. ನಾಳೆ ಬೆಳಗ್ಗೆ ನೀವೇ ನೋಡಿ,” ಅಂದೆ. ಅಂದದ್ದೇನೋ ಜೋರಾಗಿ ಅಂದೆ.

ಬೆಳಗ್ಗೆ ಉಪ್ಪಿಟ್ಟು ಮಾಡಿದೆ. ಈರುಳ್ಳಿ, ಕ್ಯಾರೆಟ್, ಬಟಾಣಿ ಮೆತ್ತಗೆ ಬೇಯಿಸಿದೆ, ನೀರು ಒಂದು ಲೋಟ ಹೆಚ್ಚು, ಉಪ್ಪು ಚಿಟಿಕೆ, ಮೆಣಸಿನಕಾಯಿ ಇಲ್ಲ. ಮಗಳು ಎಂದಿನ ಹಾಗೆ ನಿಂತು ಟೀ ಕುಡಿಯುತ್ತಿದ್ದಳು. ಅಳಿಯ ಬ್ಯಾಗು ಹೆಗಲಿಗೆ ಏರಿಸಿದ್ದ. ಪುಟ್ಟಿ ಕುರ್ಚಿಯಲ್ಲಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು. “ಬಸ್ಸು ಇನ್ನೊಂದು ಬರುತ್ತೆ, ಕೂತ್ಕೊಳ್ಳಿ ಇಬ್ರೂ,” ಅಂದೆ. ಕೂತರು. ಬಾಣಲೆ ಮೇಜಿನ ಮೇಲಿಟ್ಟು, ಮೊದಲ ತಟ್ಟೆ ನನಗೆ ಹಾಕಿಕೊಂಡೆ. ಹಲ್ಲು ತೆಗೆದು ಪಕ್ಕಕ್ಕಿಟ್ಟೆ, ಜೇಬು ತಡವಿ ನೋಡಿಕೊಂಡೆ, ಉಣ್ಣಲು ಶುರು ಮಾಡಿದೆ.